ಪಾಲಾರ್ ಸಮುದ್ರ ಸೇರುವ ಪಾಠ

ಕಂಪ್ಯೂಟರ್ ಮೇಜನ್ನು ಗೋಡೆಯಿಂದ ಈಚೆಗೆ ಎಳೆದು ಕಸ ಗುಡಿಸುತ್ತಿದ್ದೆ. ವೈರುಗಳ ಗೋಜಲಿನ ನಡುವೆ ಬೆರಳ ತುದಿಯಷ್ಟಿರುವ ಒಂದು ಬಿಳಿ ಮುಚ್ಚಳ ಸಿಕ್ಕಿತು. ಕಣ್ಣಿಗೆ ಹಾಕುವ ಹನಿಯ ಬಾಟಲಿಯದು. ನಮ್ಮ ಮನೆಯಲ್ಲಿ ಯಾರಿಗೂ ಕಣ್ಣಿನ ತೊಂದರೆ ಇಲ್ಲ. ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟೆ... ಅದು ಮಿಸ್ಸಿನದು. ಒಂದು ಭಾನುವಾರ ಅವರ ಕೈಜಾರಿ ಬಿದ್ದ ಅದನ್ನು ಇಬ್ಬರೂ ಮಂಡಿಯೂರಿ ಹುಡುಕಿದ್ದೆವು. ಸಿಗದೆ, ಬಾಟಲಿಯ ಬಾಯಿಗೆ ಹತ್ತಿ ಸುತ್ತಿ ಕಳಿಸಿದ್ದೆ.

ಮಿಸ್ ಅಂದರೆ ಕೆಜಿಎಫ್‌ನ ಉರಿಗಾಂ ಶಾಲೆಯಲ್ಲಿ ನನಗೆ ಸಮಾಜ ಪಾಠ ಹೇಳಿಕೊಟ್ಟವರು. ಹುಟ್ಟೂರು ಕಾಮಸಮುದ್ರದ ಕಡೆ. ತರಗತಿಯಲ್ಲಿ ಪುಸ್ತಕದ ಕನ್ನಡ, ಹೊರಗೆ ಬಂದರೆ ಅಪ್ಪಟ ಕಾಮಸಮುದ್ರದ ಕನ್ನಡ, ‘ಹೇಳು’ ಎನ್ನುವುದು ‘ಏಳು’ ಆಗುತ್ತಿತ್ತು. ಮದುವೆ ಮಾಡಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ ತಂಗಿಯ ಜೊತೆ ಬಂಗಾರಪೇಟೆಯಲ್ಲಿ, ನಮ್ಮ ಮನೆಯಿಂದ ಎರಡು ಮನೆ ಆಚೆ ಬಾಡಿಗೆಗೆ ಬಂದರು. ಬಂದ ಮೊದಲ ವಾರವೇ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, ಕೂದಲು ಯಾಕೆ ಕತ್ತರಿಸಿಕೊಂಡೆ ಎಂದು ಕೇಳಿದರು. ನಲವತ್ತು ದಾಟಿದ ಹೆಂಗಸು ನಾನು, ಆದರೂ ಕೈಕಟ್ಟಿಕೊಂಡು ಉತ್ತರ ಕೊಟ್ಟೆ.

ನನಗೊಂದು ಹುಚ್ಚಿದೆ, ಅದನ್ನು ಮೊದಲು ಹೇಳಿಬಿಡಬೇಕು. ವಾರವೆಲ್ಲ ನನ್ನ ಕೆಲಸ ಡೇರಿಯಲ್ಲಿ ಹಾಲಿನ ಫ್ಯಾಟ್ ಪರೀಕ್ಷೆ ಮಾಡುವುದು. ಭಾನುವಾರ ಮಾತ್ರ ವಿಮಾನ ಹಾರಿಸುತ್ತೇನೆ, ಕಂಪ್ಯೂಟರಿನಲ್ಲಿ. ಹಳೆಯ ಕಂಪ್ಯೂಟರು, ಹಳೆಯ ಜಾಯ್‌ಸ್ಟಿಕ್ಕು, ಎರಡು ಸೀಟಿನ ಪುಟ್ಟ ವಿಮಾನ. ದೊಡ್ಡ ವಿಮಾನಗಳ ಗೊಡವೆ ನನಗೆ ಬೇಡ, ಅವು ಮೋಡದ ಮೇಲೆ ಹೋಗುತ್ತವೆ, ಅಲ್ಲಿಂದ ಏನು ಕಾಣುತ್ತದೆ ಮಣ್ಣು. ಕೆಳಗೇ ಹಾರುತ್ತ ರೈಲು ಕಂಬಿ ಹಿಡಿದು ಹೋಗುವುದು, ಬೆಟ್ಟ ನೋಡಿ ಇದು ಬೂದಿಕೋಟೆ ಎಂದು ಗುರುತು ಹಿಡಿಯುವುದು, ದಾರಿ ತಪ್ಪುವುದು, ಮತ್ತೆ ಸಿಕ್ಕಿದಾಗ ಖುಷಿಪಡುವುದು, ಇಷ್ಟೇ ನನ್ನ ಸುಖ. ಇಳಿಸುವುದು ಇವತ್ತಿಗೂ ಸರಿಯಾಗಿ ಬರುವುದಿಲ್ಲ. ನನ್ನ ಗಂಡ ಅಡುಗೆಮನೆಯಿಂದಲೇ, "ಪೈಲಟ್ಟಮ್ಮನೋರು ಊಟಕ್ಕೆ ಇಳೀತಾರಾ, ಇಲ್ಲಾ ಮೇಲಕ್ಕೇ ಕಳಿಸ್ಬೇಕಾ?" ಎಂದು ಕೇಳುತ್ತಾರೆ.

ಮಿಸ್ ಅದನ್ನು ಕಂಡದ್ದು ಕರಿಬೇವು ಕೊಡಲು ಬಂದಾಗ. ನಾನು ಕೆಜಿಎಫ್ ಮೇಲೆ ಸುತ್ತು ಹೊಡೆಯುತ್ತಿದ್ದೆ. ಅವರು ಕರಿಬೇವು ಕೈಯಲ್ಲೇ ಹಿಡಿದು, ತಲೆಯನ್ನು ಅತ್ತಿತ್ತ ಓರೆ ಮಾಡುತ್ತ ಪರದೆಯ ಹತ್ತಿರಕ್ಕೆ ಬಂದರು. ಹಾಗೆ ಓರೆ ಮಾಡಿದ್ದು ಯಾಕೆಂದು ಆಮೇಲೆ ತಿಳಿಯಿತು. ಕಣ್ಣಿನೊಳಗಿನ ಒತ್ತಡ ಏರಿ, ಅಂಚಿನಿಂದ ನೋಟ ಕರಗುತ್ತಿತ್ತು. ನಡುವೆ ಕೊಳವೆಯಷ್ಟು ಜಾಗ ಮಾತ್ರ ಕಾಣುತ್ತಿತ್ತು. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನಾದರೂ ಹನಿ ಹಾಕಿ ಉಳಿಸಿಕೊಳ್ಳಿ ಎಂದಿದ್ದರಂತೆ ಡಾಕ್ಟರು.

"ಅದು ನಮ್ಮ ಸೈನೈಡ್ ದಿಬ್ಬ ಅಲ್ವೇನೇ?" ಎಂದರು. ಗಣಿಯಿಂದ ಚಿನ್ನ ತೆಗೆದುಕೊಂಡು ಬಿಟ್ಟ ಪುಡಿಮಣ್ಣಿನ ಗುಡ್ಡ ಅದು. ಪರದೆಯ ಮೇಲೂ ಬೆಳ್ಳಗೆ ಬಿದ್ದುಕೊಂಡಿತ್ತು. ಅದರ ಪಕ್ಕದಲ್ಲಿ ನಮ್ಮ ಶಾಲೆಯ ಚಾವಣಿಯನ್ನೂ ಹುಡುಕಿ ತೋರಿಸಿದೆ. ಮಿಸ್ ಪರದೆಯ ಮೂಲೆಯ ದಿಕ್ಸೂಚಿ ನೋಡಿದರು, ಶಾಲೆ ನೋಡಿದರು, ದಿಬ್ಬ ನೋಡಿದರು.

ಹಾಗೆ ನೋಡಲು ಕಾರಣವಿತ್ತು. ನಮಗೆ ದಿಕ್ಕುಗಳನ್ನು ಕಲಿಸಿದ್ದು ಅವರೇ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ದಿಬ್ಬಕ್ಕೆ ಮುಖ ಮಾಡಿಸಿ, ಇದು ಪೂರ್ವ ಎನ್ನುತ್ತಿದ್ದರು. ಅದಕ್ಕೂ ಮೊದಲು ಅವರಿದ್ದ ಶಾಲೆಯಲ್ಲಿ ದಿಬ್ಬ ಪೂರ್ವಕ್ಕೇ ಇತ್ತು. ವರ್ಗವಾಗಿ ನಮ್ಮ ಶಾಲೆಗೆ ಬಂದರೂ ಆ ವಾಕ್ಯ ಅವರ ಜೊತೆಯಲ್ಲೇ ಬಂತು. ನಮ್ಮ ಶಾಲೆಗೆ ದಿಬ್ಬ ದಕ್ಷಿಣಕ್ಕಿತ್ತು. ಬೆಳಿಗ್ಗೆ ಸೂರ್ಯ ಬೇರೆಲ್ಲಿಂದಲೋ ಬರುತ್ತಿದ್ದ. ಮಿಸ್ ಹೇಳಿದ ಮೇಲೆ ಮುಗಿಯಿತು, ತಪ್ಪು ಸೂರ್ಯನದೇ ಇರಬೇಕು ಎಂದು ನಾವೂ ಬಿಟ್ಟುಬಿಟ್ಟಿದ್ದೆವು.

"ಅಯ್ಯೋ ಶಿವನೇ, ಅಷ್ಟು ವರ್ಷ ದಕ್ಷಿಣಾನ ಪೂರ್ವ ಅಂತ ಏಳ್ಬಿಟ್ನಲ್ಲೇ" ಎಂದು ನಗತೊಡಗಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ಕಿವಿಯಲ್ಲಿದೆ.

ನಗು ಮುಗಿದ ಮೇಲೆ ಅವರು ಕೇಳಿದ್ದು ಪಾಲಾರ್ ನದಿಯನ್ನು. ನಂದಿ ಬೆಟ್ಟದ ಕಡೆ ಹುಟ್ಟಿ, ನಮ್ಮ ಬೇತಮಂಗಲದ ಕೆರೆ ತುಂಬಿಸಿ, ಆಂಧ್ರ ತಮಿಳುನಾಡು ದಾಟಿ ಬಂಗಾಳಕೊಲ್ಲಿ ಸೇರುವ ನದಿ. ನಾವು ಕೆಜಿಎಫ್‌ನವರು ಕುಡಿದು ಬೆಳೆದದ್ದು ಬೇತಮಂಗಲದ ನೀರೇ. ಆದರೆ ಆ ನದಿ ಹರಿದದ್ದನ್ನು ಕಂಡವರು ನಮ್ಮಲ್ಲಿ ಯಾರಿದ್ದಾರೆ... ಮಿಸ್ಸಿಗೆ ತಿಳಿದಂತೆ ಅದು ಮರಳು, ಜಾಲಿ ಗಿಡ, ನಡುನಡುವೆ ಕೆರೆ. ಒಮ್ಮೆ ಪಾಠ ಬರೆಸುತ್ತಿದ್ದಾಗ ಗಣಿ ಕೆಲಸಗಾರರ ಲೈನ್ ಮನೆಗಳ ಹುಡುಗಿಯೊಬ್ಬಳು ಎದ್ದು ನಿಂತು, ನೀರೇ ಇಲ್ಲದ ನದಿ ಸಮುದ್ರಕ್ಕೆ ಹೇಗೆ ಹೋಗುತ್ತದೆ ಮಿಸ್ ಎಂದು ಕೇಳಿದ್ದಳಂತೆ. ಪುಸ್ತಕದಲ್ಲಿದೆ, ಬರೆದುಕೋ ಎಂದು ಕೂರಿಸಿದ್ದರಂತೆ. ಅದು ನಾನು ಆ ಶಾಲೆಗೆ ಸೇರುವುದಕ್ಕೂ ಮೊದಲಿನ ಮಾತು.

"ಮದ್ರಾಸಿನ ಮೆರೀನಾ ನೋಡಿದೀನಿ, ಅದು ಎಲ್ಲಾರ ಸಮುದ್ರ. ನಮ್ ಪಾಲಾರ್ ಸೇರೋ ಜಾಗ ನೋಡ್ಬೇಕು ಕಣಮ್ಮಾ. ನಾನು ಏಳಿದ್ದು ನಿಜವೋ ಅಲ್ವೋ, ಕಣ್ಣು ಇರೋವಾಗ್ಲೇ ನೋಡ್ಕೋಬೇಕು."

ಒಂದು ಗುಂಡಿ ಒತ್ತಿದರೆ ವಿಮಾನವನ್ನು ನೇರವಾಗಿ ಅಲ್ಲಿಗೇ ಇಳಿಸಬಹುದು, ಈಗಲೇ ನೋಡಿಬಿಡಿ ಎಂದೆ. ಅವರು ಒಪ್ಪಲಿಲ್ಲ. ನದಿ ಪಾಠ ಉಗಮದಿಂದ ಶುರುವಾಗಬೇಕು. ಪಾಠ ಹಾರಿಸಿದ ಮೇಷ್ಟರು ಅವರ ಲೆಕ್ಕದಲ್ಲಿ ಮೇಷ್ಟರೇ ಅಲ್ಲ. ಕೊನೆಯದನ್ನು ಮೊದಲು ನೋಡಿದರೆ ನಡುವಿನದನ್ನು ಯಾರು ನೋಡುತ್ತಾರೆ ಎಂದರು. ನಾನು ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ನನಗೂ ದಾರಿಯುದ್ದಕ್ಕೂ ನೋಡುತ್ತ ಹೋಗುವ ಆಸೆಯಿತ್ತು.

ಹಾಗೆ ನಮ್ಮ ಭಾನುವಾರಗಳು ಶುರುವಾದವು. ಮಿಸ್ ತೊಡೆಯ ಮೇಲೆ ಅಟ್ಲಾಸ್ ಇಟ್ಟುಕೊಂಡು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ನಂದಿಯ ಬಂಡೆ ಸುತ್ತಿ ನಾವು ಪೂರ್ವದ ಕಡೆ ಹೊರಟೆವು. ಅಟ್ಲಾಸಿನಲ್ಲಿ ನದಿ ನೀಲಿ ಗೆರೆ. ಪರದೆಯಲ್ಲಿ ನೀಲಿ ಎಲ್ಲಿಯೂ ಇಲ್ಲ, ಹೊಲದ ನಡುವೆ ಹಾದುಹೋದ ಒಂದು ಮಾಸಲು ಪಟ್ಟೆ. ಅದೂ ಆಗಾಗ ಮಾಯ. ಕೆರೆಯಿಂದ ಕೆರೆಗೆ ಗುರುತು ಹಿಡಿದು ಹೋಗಬೇಕಿತ್ತು. ಏರಿ ಕಂಡರೆ ಮಿಸ್ ಮೊದಲು ಹೇಳುತ್ತಿದ್ದರು, ಕೋಡಿ ಯಾವ ಕಡೆಗಿದೆ ನೋಡು, ನೀರು ಅತ್ತ ಕಡೆಗೇ ಹೋಗಬೇಕು. ಹಾಗೆ ಕೋಡಿ ಹಿಡಿದು ಮುಂದಿನ ಕೆರೆ. ಎಷ್ಟೋ ಸಲ ತಪ್ಪಿ ಯಾವುದೋ ಹಳ್ಳದ ಹಿಂದೆ ಹೋಗಿ, ಹಳ್ಳ ಬಂಡೆಗೆ ಮುಟ್ಟಿ ನಿಂತಾಗ ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದೆವು. ಆ ಯಂತ್ರವೂ ತನಗೆ ತೋಚಿದ್ದನ್ನು ಕಟ್ಟುತ್ತದೆ. ಒಂದು ಹಳ್ಳಿಯಲ್ಲಿ ಹತ್ತು ಮಹಡಿಯ ಕಟ್ಟಡ ನಿಲ್ಲಿಸಿತ್ತು. "ಪಂಚಾಯ್ತಿ ಆಫೀಸ್ ಇರ್ಬೇಕು ಬಿಡು" ಎಂದರು ಮಿಸ್.

ಆಕಾಶದಲ್ಲೇ ವಿಮಾನ ನಿಲ್ಲಿಸಿ ಟೀ ಕುಡಿಯುತ್ತಿದ್ದೆವು. ಎಲ್ಲಿ ನಿಲ್ಲಿಸಿದ್ದೆವೋ ಮುಂದಿನ ವಾರ ಅಲ್ಲಿಂದಲೇ ಶುರು. ಬೇತಮಂಗಲ ಬಂದ ದಿನ ಕೆರೆಯನ್ನು ಸುತ್ತಿ ಸುತ್ತಿ ನೋಡಿದರು. ಒಂದೇ ಒಂದು ಸಲ ನದಿ ಬಿಟ್ಟು ಕಾಮಸಮುದ್ರದ ಕಡೆ ತಿರುಗಿಸು ಎಂದರು, ಪಾಠದ ನಡುವೆ ಅದೊಂದೇ ರಜೆ. ಹುಟ್ಟಿದ ಊರನ್ನು ಮೇಲಿನಿಂದ ನೋಡಿ, ಇಷ್ಟೇ ಇಷ್ಟಾ ಎಂದರು.

ಗಡಿ ದಾಟಿದ ಮೇಲೆ ನದಿ ಅಗಲವಾಯಿತು. ನೀರಿನಿಂದಲ್ಲ, ಮರಳಿನಿಂದ. ಅಷ್ಟು ಹೊತ್ತಿಗೆ ಮಿಸ್ಸಿನ ನೋಟ ಕಿರಿದಾಗುತ್ತಿದ್ದದ್ದು ನನಗೇ ಗೊತ್ತಾಗುತ್ತಿತ್ತು. ಮೊದಲು ಕೆರೆ ನನಗಿಂತ ಮುಂಚೆ ಕಂಡುಹಿಡಿಯುತ್ತಿದ್ದವರು ಈಗ, ಎಲ್ಲಿ, ಎಲ್ಲಿ ಎನ್ನುತ್ತಿದ್ದರು. ಬೆರಳಿಟ್ಟು ತೋರಿಸಿದರೆ ಬೆರಳನ್ನು ಮಾತ್ರ ನೋಡುತ್ತಿದ್ದರು. ವೆಲ್ಲೂರಿನ ಉದ್ದ ಸೇತುವೆ ಅವರು ಕಣ್ಣಾರೆ ಕಂಡ ಕೊನೆಯ ಜಾಗ. ಆಮೇಲೆ ಕಣ್ಣಿನ ಆಪರೇಶನ್ನು, ವಿಶ್ರಾಂತಿ, ಓಡಾಟ. ನಮ್ಮ ವಿಮಾನ ವಾರಗಟ್ಟಲೆ ಆ ಸೇತುವೆಯ ಮೇಲೇ ನಿಂತಿತ್ತು. ಆಪರೇಶನ್ ಮಾಡಿ ಉಳಿಸುವುದಕ್ಕೆ ನೋಟವೇ ಉಳಿದಿರಲಿಲ್ಲ. ಮತ್ತೆ ಬಂದಾಗ ತಂಗಿ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ ಹೋದರು. ಪರದೆಯ ಬೆಳಕು ಗೊತ್ತಾಗುತ್ತದೆ, ಬೇರೇನೂ ಇಲ್ಲ ಎಂದರು ಮಿಸ್.

"ನೀನು ನೋಡ್ಕೊಂಡು ಏಳು. ನಾನು ಕೇಳಿಸ್ಕೋತೀನಿ. ಇರೋದನ್ನ ಇರೋ ಅಂಗೇ ಏಳ್ಬೇಕು, ತಿಳೀತಾ?"

ಹೇಳಿದೆ. ಕಾಂಚೀಪುರದ ಗೋಪುರಗಳು ಎಡಕ್ಕೆ ದೂರದಲ್ಲಿವೆ ಮಿಸ್. ರೈಲು ಸೇತುವೆ ಬಂತು. ತೆಂಗಿನ ತೋಟ. ಈಗ ಮುಂದೆ ನೀಲಿ ಕಾಣುತ್ತಿದೆ. ನೀಲಿ ಎಂದಾಗ ಅವರ ಬೆನ್ನು ನೆಟ್ಟಗಾಯಿತು. ಮುಖ ಪರದೆಯ ಕಡೆಗಿತ್ತು, ಆದರೆ ಸ್ವಲ್ಪ ಓರೆ. ಬಾಗಿಲ ಪಕ್ಕದ ಗೋಡೆಯನ್ನು ನೋಡುವಂತಿತ್ತು.

"ಸೇರ್ತದಾ?"

ಕೆಳಗೆ ನೋಡಿದೆ. ನದಿಯ ಕೊನೆಯಲ್ಲಿ ಒಂದಿಷ್ಟು ನಿಂತ ನೀರು. ಅದರಾಚೆ ದಡದಿಂದ ದಡಕ್ಕೆ ಹಾಕಿದ ಒಡ್ಡಿನಂತೆ ಮರಳು. ಮರಳಿನಾಚೆ ಸಮುದ್ರ. ಎಲ್ಲಾದರೂ ಒಂದು ಸಣ್ಣ ಬಾಯಿ ಇರಬಹುದೆಂದು ಕೆಳಗಿಳಿದು ಎರಡು ಸಲ ಸುತ್ತಿದೆ. ಇರಲಿಲ್ಲ.

"ಮರಳು ಅಡ್ಡ ಇದೆ ಮಿಸ್. ಸೇರಿಲ್ಲ."

ಅವರು ಅಟ್ಲಾಸನ್ನು ಮುಚ್ಚಿದರು. ಕಾಣದಿದ್ದರೂ ಅದನ್ನು ತರುವುದು ಬಿಟ್ಟಿರಲಿಲ್ಲ. ದಿಬ್ಬದ ದಿನದಂತೆ ನಗುತ್ತಾರೇನೋ ಎಂದು ಕಾದೆ. ಬೇಕೆಂದೇ ಆ ದಿನದ ಮಾತೆತ್ತಿದೆ, ದಿಕ್ಕು ತಪ್ಪಿ ಹೇಳಿಕೊಟ್ಟರೂ ನಾವೇನು ಕೆಟ್ಟುಹೋದೆವಾ ಎಂದೆ.

"ದಿಕ್ಕು ತಪ್ಪಾದ್ರೆ ಮಕ್ಳು ಸೂರ್ಯನ್ನ ನೋಡಿ ತಿದ್ಕೋತವೆ. ಇದನ್ನ ಎಲ್ಲಿ ನೋಡಿ ತಿದ್ಕೋಬೇಕಮ್ಮಾ?" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ಹುಡುಗಿ ಎಲ್ಲಾದ್ರೂ ಸಿಕ್ಕಿದ್ರೆ, ಅವಳು ಕೇಳಿದ್ದೇ ಸರಿ ಅಂತ ಏಳ್ಬಿಡು" ಎಂದರು. ಹೆಸರು ಕೇಳಿದೆ. ನೆನಪಿಲ್ಲ ಎಂದರು.

ಅದಾದ ಮೇಲೆ ಯಾವ ಭಾನುವಾರವೂ ಅವರು ಬರಲಿಲ್ಲ. ನಾನೇ ಹೋಗುತ್ತಿದ್ದೆ. ಹಿಮಾಲಯ ನೋಡೋಣ ಬನ್ನಿ, ಹೇಳುತ್ತಾ ಹೋಗುತ್ತೇನೆ ಎಂದರೂ, ಸಾಕು ಬಿಡಮ್ಮಾ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಜ್ವರ ಬಂತು, ಅದು ಎದೆಗೆ ಇಳಿಯಿತು... ಅಷ್ಟೇ.

ಅದೇ ವರ್ಷ ಕಾರ್ತಿಕದಲ್ಲಿ ಮಳೆ ಹಿಡಿಯಿತು. ಬಿಡಲೇ ಇಲ್ಲ. ಒಂದೊಂದೇ ಕೆರೆ ಕೋಡಿ ಬಿತ್ತು, ಬೇತಮಂಗಲವೂ ಬಿತ್ತು. ಬಸ್ಸಿನಲ್ಲಿ ಜಾಗವಿಲ್ಲದಷ್ಟು ಜನ ನೋಡಲು ಹೋದರು, ನಾವೂ ಹೋದೆವು. ಏರಿಯ ಮೇಲೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜನ ಒಂದೇ ಮಾತು ಆಡುತ್ತಿದ್ದರು, ಹೀಗೆ ಕಂಡಿರಲಿಲ್ಲ ಎಂದು. ಕೆಂಪು ನೀರು ಕೋಡಿಯಿಂದ ಧುಮುಕಿ ನದಿಗೆ ಬಿದ್ದು, ನಾವು ಮಾಸಲು ಪಟ್ಟೆ ಎಂದು ಹುಡುಕಿದ್ದ ದಾರಿಯಲ್ಲೇ ಹೋಗುತ್ತಿತ್ತು. ಕೆಲವು ದಿನಗಳಾದ ಮೇಲೆ ಟೀವಿಯಲ್ಲಿ ವೆಲ್ಲೂರಿನ ಸೇತುವೆ ತೋರಿಸಿದರು, ದಡದಿಂದ ದಡಕ್ಕೆ ನೀರು. ಆಮೇಲೆ ಕೊನೆಯ ಜಾಗವನ್ನೂ ತೋರಿಸಿದರು. ಮರಳಿನ ಒಡ್ಡು ಒಡೆದುಹೋಗಿತ್ತು. ಕೆಂಪು ನೀರು ಸಮುದ್ರದೊಳಕ್ಕೆ ಬಹಳ ದೂರ ನುಗ್ಗಿತ್ತು.

ಆ ಭಾನುವಾರ ವಿಮಾನವನ್ನು ನೇರವಾಗಿ ಅಲ್ಲಿಗೇ ಒಯ್ದೆ. ಗುಂಡಿ ಒತ್ತಿ, ಪಾಠ ಹಾರಿಸಿಯೇ. ಪರದೆಯಲ್ಲಿ ಅದೇ ಮರಳು ಅಡ್ಡ ಬಿದ್ದಿತ್ತು. ಆಗ ಹೊಳೆಯಿತು ನನಗೆ. ಆ ಯಂತ್ರ ನೆಲಕ್ಕೆ ಹಾಸುವುದು ಉಪಗ್ರಹ ಯಾವುದೋ ಕಾಲದಲ್ಲಿ ತೆಗೆದ ಚಿತ್ರವನ್ನು. ನದಿಯ ಚಿತ್ರ ತೆಗೆದದ್ದು ಒಂದು ಬೇಸಿಗೆಯಲ್ಲಿ. ನಾನು ಮಿಸ್ಸಿಗೆ ನೋಡಿ ಹೇಳಿದ್ದು ಯಾವುದೋ ಒಂದು ಬೇಸಿಗೆಯ ಒಂದು ಮಧ್ಯಾಹ್ನವನ್ನು. ಇರೋದನ್ನ ಇರೋ ಹಾಗೆ ಹೇಳು ಎಂದಿದ್ದರು, ಹೇಳಿದ್ದೆ. ಅದನ್ನೇ ನಂಬಿ, ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳು ಬರೆಸಿದೆ ಎಂದುಕೊಂಡು ಅವರು ಹೋದರು. ಈ ಸಂಕಟ ನನಗೆ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ.

ಈಗಲೂ ಹಾರಿಸುತ್ತೇನೆ. ಹಿಮಾಲಯ ನೋಡಿದೆ, ಸಮುದ್ರದ ನಡುವಿನ ದ್ವೀಪಗಳನ್ನೂ ನೋಡಿದೆ, ಎಲ್ಲವೂ ಚೆನ್ನಾಗಿವೆ. ನನ್ನ ವಯಸ್ಸಿಗಿಂತ ಸ್ವಲ್ಪ ಹಿರಿಯ ಉರಿಗಾಂ ಹೆಂಗಸರು ರೈಲಿನಲ್ಲಿ ಸಿಕ್ಕಿದರೆ ಯಾವ ಶಾಲೆ ಎಂದು ಕೇಳುತ್ತೇನೆ. ಆ ಹುಡುಗಿ ಸಿಕ್ಕಿಲ್ಲ. ಸಿಕ್ಕಿದರೆ ಮಿಸ್ ಹೇಳು ಎಂದದ್ದನ್ನು ಹೇಳುವುದಿಲ್ಲ, ಸೇರುತ್ತದೆ, ನಾನು ನೋಡಿದ್ದೇನೆ ಎನ್ನುತ್ತೇನೆ. ಆದರೆ ಅದು ಮೊದಲು ತಿಳಿಯಬೇಕಾಗಿದ್ದದ್ದು ಅವಳಿಗಲ್ಲ. ಮಿಸ್ ಆ ಮಳೆಗಾಲದವರೆಗೆ ಇದ್ದಿದ್ದರೆ, ಎರಡು ಮನೆ ದಾಟಿ ಹೋಗಿ ಹೇಳಿದರೆ ಸಾಕಿತ್ತು. ತಂಗಿ ಮನೆ ಖಾಲಿ ಮಾಡಿಕೊಂಡು ಹೋದರು, ಈಗ ಅಲ್ಲಿ ಹೊಸ ಬಾಡಿಗೆಯವರಿದ್ದಾರೆ. ಅವರಿಗೆ ಪಾಲಾರ್ ಎಂದರೆ ಏನೆಂದೇ ಗೊತ್ತಿಲ್ಲ.