ಯಾರ ನಕ್ಷೆಯಲ್ಲೂ ಇಲ್ಲದ ಸೇತುವೆ

ಸೊಗಬೆ ಹಿಸನೋಬು ಪಟ್ಟಣ ಕಚೇರಿಯ ರಸ್ತೆ ವಿಭಾಗದಲ್ಲೇ ತಲೆ ನರೆಸಿಕೊಂಡ ಗುಮಾಸ್ತ. ಅವನ ಅಕ್ಕ ಫುಸಾಎ ಹೊಳೆಯಾಚೆಯ ಓಗಿಸೆ ಕೇರಿಯಲ್ಲಿ ಯುಜು ನಿಂಬೆ ಬೆಳೆದುಕೊಂಡಿದ್ದಳು. ನಡುವಿನ ಸೇತುವೆಯನ್ನು ಮಹಾಯುದ್ಧ ಮುಗಿದ ಮೇಲೆ ಕೇರಿಯವರೇ ಸೇರಿ ಕಟ್ಟಿಕೊಂಡಿದ್ದರು. ಪಟ್ಟಣದ ನಕ್ಷೆಯಲ್ಲಿ ರಸ್ತೆ ಈಚೆ ದಡದಲ್ಲಿ ಮುಗಿಯುತ್ತಿತ್ತು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಆಚೆ ದಡದಿಂದ ಶುರುವಾಗುತ್ತಿತ್ತು. ಸೇತುವೆ ಇಬ್ಬರಿಗೂ ಬೇಡದ ಕೂಸು.

ಆಂಬುಲೆನ್ಸ್ ಅಗ್ನಿಶಾಮಕ ಠಾಣೆಯದು. ಹಳೆಯ ಚಾಲಕರಿಗೆ ಸೇತುವೆ ಗೊತ್ತಿತ್ತು. ಆಮೇಲೆ ಬಂದವರು ಗಾಡಿಯೊಳಗಿನ ಪರದೆ ತೋರಿಸಿದ ಹಾದಿ ಹಿಡಿದರು; ಅದರಲ್ಲಿ ಸೇತುವೆಯೇ ಇರಲಿಲ್ಲ. ಫುಸಾಎಗೆ ಮೊದಲ ಸಲ ಎದೆನೋವು ಬಂದಾಗ ಗಾಡಿ ಬೆಟ್ಟ ಹತ್ತಿ ಇಳಿದು, ಸುತ್ತಿ ಬಳಸಿ ಬಂತು. ಅವಳು ಬದುಕಿದ್ದೇ ಪುಣ್ಯ.

ಅಂದಿನಿಂದ ಪಟ್ಟಣ, ಅರಣ್ಯ, ಅಗ್ನಿಶಾಮಕ ಈ ಮೂರೂ ಕಚೇರಿಗಳ ನಕ್ಷೆ ಒಂದು ಮಾಡಿಸಲು ಹಿಸನೋಬು ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದ. ಅರಣ್ಯದವರು ಬಾಗಿ ವಂದಿಸಿ, ಚಹಾ ಕೊಟ್ಟು, ಪರಿಶೀಲಿಸುತ್ತೇವೆ ಎಂದು ಸಾಗಹಾಕುತ್ತಿದ್ದರು. ಒಬ್ಬ ಅಧಿಕಾರಿಯನ್ನು ಒಪ್ಪಿಸುವಷ್ಟರಲ್ಲಿ ಏಪ್ರಿಲ್ ಬಂದು ಅವರಿಗೆ ವರ್ಗವಾಗುತ್ತಿತ್ತು. ಹೊಸಬರ ಮುಂದೆ ಮತ್ತೆ ಅದೇ ರಾಗ.

"ಸೊಗಬೆಯವ್ರೇ, ಆ ಸೇತುವೆ ನಿಮ್ಮ ಮಾವ ಕೊಟ್ಟಿದ್ದೇನ್ರೀ?" ಎಂದು ಆಂಬುಲೆನ್ಸ್ ಚಾಲಕ ನಾಗಮಿನೆ ರೇಗಿಸುತ್ತಿದ್ದ.

"ಆಚೆ ನಮ್ಮಕ್ಕ ಇದ್ದಾಳಪ್ಪ."

ಕೊನೆಗೂ ನಕ್ಷೆಗಳು ಕೂಡಿದವು. ಸೇತುವೆ ಎಲ್ಲರಿಗೂ ಕಂಡಿತು. ಅದಕ್ಕೆ ಒಡೆಯರಿಲ್ಲ, ಆದ್ದರಿಂದ ಯಾರೂ ಎಂದೂ ಪರೀಕ್ಷಿಸಿಲ್ಲ ಎಂಬುದೂ ಕಂಡಿತು. ಎಂಜಿನಿಯರ್ ಬಂದು ಅಡಿಯ ಕಬ್ಬಿಣಕ್ಕೆ ಸುತ್ತಿಗೆ ತಾಗಿಸಿದರೆ ತುಕ್ಕು ಹಪ್ಪಳದಂತೆ ಉದುರಿತು. ವಾಹನ ಸಂಚಾರ ಬಂದ್. ದುರಸ್ತಿಯ ಮಾತೆತ್ತಿದರೆ ಎಲ್ಲ ಕಚೇರಿಗಳೂ ಮುಖ ತಿರುಗಿಸಿದವು. ತಡೆಗಂಬ ನೆಡುವುದು ಮಾತ್ರ ರಸ್ತೆ ವಿಭಾಗದ ಕೆಲಸ. ಹಿಸನೋಬುವೇ ನಿಂತು ನೆಡಿಸಿದ. ನಿರ್ಧಾರ ತಪ್ಪೆನಿಸಲಿಲ್ಲ, ಆದರೆ ಅಕ್ಕನ ಮುಖ ನೋಡಲು ನಾಚಿಕೆಯಾಯಿತು.

"ಗಟ್ಟಿಯಾಗಿ ನೆಡೋ ಹಿಸಾ," ಎಂದಳು ಫುಸಾಎ. "ಗಾಡಿ ಬರ್ಲಿ ಅಂತ ನಕ್ಷೆ ಮಾಡಿಸ್ದೆ, ಈಗ ಬರ್ಬಾರ್ದು ಅಂತ ಗೂಟ ಹೊಡೀತಿದ್ದೀಯ."

"ಕುಸಿದು ಬೀಳುತ್ತಕ್ಕ ಅದು."

"ನಾನು ಬಿದ್ರೆ?"

ಚಳಿಗಾಲದಲ್ಲಿ ಮತ್ತೆ ಎದೆ ಹಿಡಿಯಿತು. ಗಾಡಿ ಬೆಟ್ಟ ಸುತ್ತಿ ಬರುವ ತನಕ ತಾನು ಉಳಿಯುವುದಿಲ್ಲ ಎಂದು ಫುಸಾಎಗೆ ಅನಿಸಿತು. ತಡೆಗಂಬಗಳ ಸಂದಿಯಲ್ಲಿ ನುಸುಳಿ, ಕಂಬಿ ಹಿಡಿದು ಸೇತುವೆ ದಾಟಿ, ಈಚೆ ದಡದ ಹಿಮದ ಮೇಲೆ ಕುಳಿತು, ಇಲ್ಲಿಗೇ ಬನ್ನಿ ಎಂದು ಫೋನು ಮಾಡಿದಳು. ನಾಗಮಿನೆ ಬಂದಾಗ ಅವಳ ತುಟಿ ನೀಲಿಗಟ್ಟಿತ್ತು.

"ಇನ್ನೊಂದ್ಸಲ ನಡೆಯೋಕೆ ನನ್ ಕೈಲಾಗಲ್ಲ ಕಣೋ," ಎಂದಳು ಆಸ್ಪತ್ರೆಯಲ್ಲಿ.

"ನನ್ ಜೊತೆ ಪಟ್ಟಣಕ್ಕೆ ಬಂದ್ಬಿಡಕ್ಕ."

"ಯುಜು ಗಿಡ ಯಾರು ಹೊತ್ಕೊಂಡು ಬರ್ತಾರೆ, ನಿನ್ ಕಚೇರಿಯೋರಾ?"

ಅವಳು ಮನೆಗೆ ಮರಳಿದ ವಾರವೇ ಹಿಸನೋಬು ಹಾಸಿಗೆ ಸುತ್ತಿಕೊಂಡು ಓಗಿಸೆಗೆ ಬಂದ. ಕಾರನ್ನು ಈಚೆ ದಡದಲ್ಲೇ ಬಿಟ್ಟ. ಬಂದ ಭಾನುವಾರ, ಮತ್ತೆ ಎದೆ ಹಿಡಿದರೆ ಕಾರಿನ ತನಕ ಹೊತ್ತೊಯ್ಯಲು ಒಮ್ಮೆ ಅಭ್ಯಾಸವಾಗಲಿ ಎಂದು ಅಕ್ಕನನ್ನು ಬೆನ್ನ ಮೇಲೆ ಹೊತ್ತು ಸೇತುವೆಗೆ ಇಳಿದ.

"ಕತ್ತೆಗೆ ವಯಸ್ಸಾಯ್ತು," ಎಂದು ಅವಳು ಬೆನ್ನ ಮೇಲೇ ನಕ್ಕಳು.

ನಡು ಸೇತುವೆಯಲ್ಲಿ ಅವನಿಗೆ ಏದುಸಿರು ಬಂತು. ಮೆಲ್ಲಗೆ ಅವಳನ್ನು ಕೆಳಗಿಳಿಸಿದ. ಅವಳು ಮತ್ತೆ ನಗಲಿಲ್ಲ. ತಮ್ಮನ ಉಸಿರು ಹದಕ್ಕೆ ಬರುವ ತನಕ ಅವನ ಬೆನ್ನು ಸವರಿದಳು. ಇಬ್ಬರೂ ಕಂಬಿ ಹಿಡಿದು ಅಲ್ಲೇ ನಿಂತರು.