ಸೂಜಿಯಕ್ಕನ ಅಗ್ಗದ ಯಂತ್ರ

ಆ ಹೊಲಿಗೆ ಅಂಗಡಿಯಲ್ಲಿ ಸೂಜಿ ಮುರಿದರೆ ಹೊಸ ಸೂಜಿ ಸುಮ್ಮನೆ ಸಿಗುತ್ತಿರಲಿಲ್ಲ. ಮುರಿದ ಚೂರುಗಳನ್ನೆಲ್ಲ ಹುಡುಕಿ ತಂದು, ಸೂಜಿಯಕ್ಕನ ಮೇಜಿನ ಮೇಲೆ ಒಂದಕ್ಕೊಂದು ಜೋಡಿಸಿ, ಇಡೀ ಸೂಜಿ ಆಯಿತೆಂದು ತೋರಿಸಬೇಕು. ಅವಳು ಅದನ್ನು ದಪ್ಪ ಪುಸ್ತಕದ ಹಾಳೆಗೆ ಟೇಪು ಹಾಕಿ ಅಂಟಿಸಿ, ಪಕ್ಕದಲ್ಲಿ ತಾರೀಕು, ಮಷೀನಿನ ನಂಬರು, ಹೊಲಿದವರ ಹೆಸರು ಬರೆದ ಮೇಲೆಯೇ ಡಬ್ಬಿಯ ಬೀಗ ತೆಗೆಯುತ್ತಿದ್ದುದು. ಮೊನೆಯ ಚೂರೊಂದು ಕಡಿಮೆಯಾದರೆ ಮುಗಿಯಿತು. ಮಷೀನು ನಿಲ್ಲಬೇಕು, ನೆಲ ಗುಡಿಸಬೇಕು, ಆವತ್ತು ಹೊಲಿದ ಬಟ್ಟೆಯನ್ನೆಲ್ಲ ಬೆರಳಲ್ಲಿ ಸವರಿ ನೋಡಬೇಕು.

"ಚಿನ್ನ ಕಳಕೊಂಡವರೂ ಇಷ್ಟು ಹುಡುಕಲ್ಲ ಅಕ್ಕಾ" ಎಂದು ಹೊಲಿಯುವವರು ಗೊಣಗುತ್ತಿದ್ದರು.

"ಚಿನ್ನ ಹೋದ್ರೆ ಕಳಕೊಂಡವರು ಅಳ್ತಾರೆ. ಇದು ಹೋದ್ರೆ ಯಾರೋ ಮಗು ಅಳುತ್ತೆ. ಹುಡುಕಿ" ಎನ್ನುವಳು ಅವಳು.

ಅಂಗಡಿ ಅವಳ ಮೈದುನನದು. ಕೆಳಗೆ ಸೈಕಲ್ ರಿಪೇರಿ, ಮೇಲೆ ಒಂದೇ ಉದ್ದನೆಯ ಕೋಣೆ, ಆರು ಮಷೀನು, ಕಿಟಕಿ ಪಕ್ಕ ಕತ್ತರಿಸುವ ಮೇಜು. ಹುಟ್ಟಿದ ಮಗುವಿಗೆ ತೊಡಿಸುವ ಮೊದಲ ಅಂಗಿ ಅಲ್ಲಿ ಹೊಲಿಯುತ್ತಿದ್ದರು. ಊರಿನ ಹೆರಿಗೆ ಆಸ್ಪತ್ರೆಗೆ ವಾರಕ್ಕೊಂದು ಗಂಟು ಹೋಗುತ್ತಿತ್ತು. ಅಂಗೈಯಗಲದ ಬೆನ್ನು, ಹೆಬ್ಬೆರಳು ಮಾತ್ರ ತೂರುವ ತೋಳು.

ಅವಳಿಗೆ ಸೂಜಿಯಕ್ಕ ಎಂಬ ಹೆಸರು ಬಿದ್ದದ್ದು ಪುಸ್ತಕದಿಂದ. ಪುಸ್ತಕ ಶುರುವಾದದ್ದು ಮಾತ್ರ ಅವಳ ಮಗಳಿಂದ. ಮಗಳು ನಲವತ್ತು ದಿನದವಳಿದ್ದಾಗ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಅಳಲು ಹತ್ತಿ ನಿಲ್ಲಿಸಲೇ ಇಲ್ಲ. ಹಾಲು ಕೊಟ್ಟಾಯಿತು, ಬೆನ್ನು ತಟ್ಟಿಯಾಯಿತು, ಹೆಗಲ ಮೇಲೆ ಹಾಕಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಾಯಿತು. ಹೆಗಲಿಗೆ ಒತ್ತಿಕೊಂಡಷ್ಟೂ ಕೂಸು ಕಿರುಚುತ್ತಿತ್ತು. ಸಂಜೆ ಅಂಗಿ ಬಿಚ್ಚಿದಾಗ ಭುಜದ ಮೇಲೆ ಕೆಂಪು ಚುಕ್ಕೆ, ಅಂಗಿಯ ಹೊಲಿಗೆಯೊಳಗೆ ಜೀರಿಗೆಯಷ್ಟು ಸೂಜಿ ಮೊನೆ. ಆ ಅಂಗಿ ಹೊಲಿದವಳು ಅವಳೇ. ಸಮಾಧಾನ ಮಾಡುತ್ತೇನೆಂದು ಗಂಟೆಗಟ್ಟಲೆ ಆ ಮೊನೆಯನ್ನು ಮಗುವಿನೊಳಕ್ಕೆ ಒತ್ತಿದವಳೂ ಅವಳೇ. ಮಗಳು ಈಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಭುಜದ ಕಲೆ ಯಾವತ್ತೋ ಮಾಸಿದೆ. ಅವಳಿಗೆ ಅದು ನೆನಪೂ ಇಲ್ಲ. ನೆನಪೆಲ್ಲ ಅಮ್ಮನ ಪಾಲಿಗೆ ಉಳಿದಿತ್ತು.

ಹೀಗಿರುವಾಗ ಆಸ್ಪತ್ರೆಯಿಂದ ಕಾಗದ ಬಂತು. ಬೇರೆಲ್ಲಿಂದಲೋ ತರಿಸಿದ ಹೊದಿಕೆಯಲ್ಲಿ ಸೂಜಿ ಚೂರು ಸಿಕ್ಕಿತ್ತಂತೆ. ಇನ್ನು ಮುಂದೆ ಲೋಹ ಹಿಡಿಯುವ ಯಂತ್ರದಲ್ಲಿ ಪರೀಕ್ಷೆಯಾಗದ ಒಂದು ಬಟ್ಟೆಯೂ ಒಳಗೆ ಬರಕೂಡದು, ಮುಂದಿನ ತಿಂಗಳ ಎರಡನೇ ಗುರುವಾರ ಹೆಡ್ ಸಿಸ್ಟರ್ ಬಂದು ನೋಡುತ್ತಾರೆ ಎಂದಿತ್ತು.

ಮೈದುನ ಯಂತ್ರ ಮಾರುವವನನ್ನು ಕರೆಸಿದ. ಅವನು ತೋರಿಸಿದ ಚಿತ್ರದಲ್ಲಿ ಯಂತ್ರ ಒಂದು ಮಂಚದಷ್ಟು ಉದ್ದವಿತ್ತು. ಬಟ್ಟೆ ಪಟ್ಟಿಯ ಮೇಲೆ ಕೂತು ಒಂದು ಕಡೆಯಿಂದ ಹೋಗುತ್ತದೆ, ಇನ್ನೊಂದು ಕಡೆಯಿಂದ ಬರುತ್ತದೆ, ಸೂಜಿಯಿದ್ದರೆ ಕೂಗಿ ನಿಲ್ಲುತ್ತದೆ. ಬೆಲೆ ಕೇಳಿ ಮೈದುನ ಅವನಿಗೆ ಟೀ ಕುಡಿಸಿ ಕಳಿಸಿಬಿಟ್ಟ.

"ಅತ್ತಿಗೆ, ಅಂಗಡಿ ಮಾರಿದ್ರೂ ಅದರ ಅರ್ಧ ಬರಲ್ಲ" ಎಂದ. "ಊರಾಚೆಯ ದೊಡ್ಡ ಬಟ್ಟೆ ಕಾರ್ಖಾನೆಯವರ ಹತ್ರ ಅದು ಇದೆಯಂತೆ. ಆರ್ಡರ್ ಅವರಿಗೇ ಹೋಗುತ್ತೆ. ನಾವು ಮೂಟೆ ಚೀಲ ಹೊಲಿಯೋಣ. ಚೀಲದಲ್ಲಿ ಸೂಜಿ ಇದ್ರೆ ಅಕ್ಕಿ ಅಳಲ್ಲ."

"ಚೀಲಕ್ಕೆ ಎರಡು ಮಷೀನು ಸಾಕು. ಉಳಿದ ನಾಲ್ಕು ಜನ?"

ಮೈದುನ ಟೀ ಲೋಟ ಎತ್ತಿಕೊಂಡು ಹೊರಟ.

"ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಸರಿ. ಕಾಲನ್ನೇ ಕತ್ತರಿಸ್ಕೋಬೇಕು ಅಂತ ಯಾರು ಹೇಳಿದ್ರು? ಗುರುವಾರದವರೆಗೂ ಸುಮ್ಮನಿರಿ" ಎಂದಳು ಅವಳು.

ಮರುದಿನ ಮಗಳು ಒಂದು ಪೊಟ್ಟಣ ತಂದುಕೊಟ್ಟಳು. ಒಳಗೆ ಬಾಚಣಿಗೆಯಷ್ಟು ಉದ್ದದ ಕಪ್ಪು ಪ್ಲಾಸ್ಟಿಕ್ ಕೋಲು, ಅದಕ್ಕೊಂದು ಚೌಕ ಬ್ಯಾಟರಿ, ಪಕ್ಕದಲ್ಲಿ ತಿರುಗಿಸುವ ಸಣ್ಣ ಗುಂಡಿ. "ಹೊಸದಾಗಿ ಬಂದಿದೆ ಅಮ್ಮಾ. ಒಂದು ಹಳೇ ಮೊಬೈಲಿನ ಬೆಲೆ. ದೊಡ್ಡದರಷ್ಟೇ ಹಿಡಿಯುತ್ತೆ ಅಂತ ಡಬ್ಬಿ ಮೇಲೆ ಬರೆದಿದಾರೆ."

"ಡಬ್ಬಿ ಮೇಲೆ ಬರೆಯೋಕೆ ಏನು ಕಷ್ಟ? ನೋಡೋಣ ಕೊಡು."

ಮೊದಲ ದಿನ ಅದು ಕಂಡದ್ದಕ್ಕೆಲ್ಲ ಕೂಗಿತು. ಸೂಜಿ ಇಟ್ಟ ಅಂಗಿಗೂ ಕೀ ಅಂದಿತು, ಇಡದ ಅಂಗಿಗೂ ಕೀ ಅಂದಿತು. ಮೇಜಿನಲ್ಲಿ ಮೊಳೆಗಳಿವೆಯಲ್ಲ ಎಂದು ಹೊಳೆದು, ಅಂಗಿಯ ಕೆಳಗೆ ಒಂದು ಗೇಣು ದಪ್ಪದ ದಿಂಬು ಹಾಕಿದಳು. ಆಗಲೂ ಕೀ. ಆರು ಮಷೀನಿನ ಸದ್ದಿನ ನಡುವೆಯೂ ಎಲ್ಲರ ಕಿವಿ ಅತ್ತಲೇ ಇತ್ತು.

"ಅಕ್ಕಾ, ಅದಕ್ಕೂ ಹಸಿವಾಗಿರಬೇಕು, ಏನಾದ್ರೂ ತಿನ್ನಿಸಿ" ಎಂದ ಅವಸರಣ್ಣ. ಅವನು ಅಲ್ಲಿನ ಅತಿ ಹಳೆಯ ಟೈಲರು, ಅತಿ ವೇಗದವನು. ಬೇರೆಯವರು ಒಂದು ಅಂಗಿ ಮುಗಿಸುವಾಗ ಅವನದು ಎರಡಾಗಿರುತ್ತಿತ್ತು. ಊಟದ ಡಬ್ಬಿಯನ್ನೂ ನಿಂತೇ ಮುಗಿಸುವವನು.

"ಅಗ್ಗದ್ದು ಅಂದ್ರೆ ಹೀಗೇ" ಎಂದ ಮೈದುನ.

ಅವಳಿಗೂ ಹಾಗೇ ಅನ್ನಿಸಿತು. ಸಿಟ್ಟಿನಿಂದ ಕೋಲನ್ನು ದಿಂಬಿನ ಮೇಲೆ ಕುಕ್ಕಿ ಎರಡು ಹೆಜ್ಜೆ ಹಿಂದೆ ಸರಿದಳು. ಯಂತ್ರ ಗಪ್ಪಾಯಿತು. ಹತ್ತಿರ ಬಂದು ಕೈ ಚಾಚಿದಳು, ಕೀ. ಹಿಂದೆ ಸರಿದಳು, ಗಪ್ಪು. ಮತ್ತೆ ಕೈ ಚಾಚುವಾಗ ಅವಳ ಕಣ್ಣು ತನ್ನದೇ ತೋಳಿನ ಮೇಲೆ ಬಿತ್ತು. ಅಂಗಿ ಜೋಡಿಸುವಾಗ ಕೈಗೆ ಸಿಗಲೆಂದು ಮೂವತ್ತು ವರ್ಷದ ಅಭ್ಯಾಸದಿಂದ ಸಿಕ್ಕಿಸಿಕೊಂಡ ಹನ್ನೊಂದು ಗುಂಡುಪಿನ್ನುಗಳು ಅಲ್ಲಿ ಸಾಲಾಗಿ ಮಿನುಗುತ್ತಿದ್ದವು.

ಅವಳು ಅಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ! ಊರವರ ಸೂಜಿಗೆಲ್ಲ ಪುಸ್ತಕ ಇಟ್ಟವಳ ಮೈಮೇಲೆ ಹನ್ನೊಂದು!"

"ಮತ್ತೆ ಅದರ ತಪ್ಪಿಲ್ಲ ಬಿಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ ಅವಸರಣ್ಣ.

"ನೀವು ಹೊಲೀರಿ ಸುಮ್ನೆ."

ಪಿನ್ನು ಹೋದವು, ಗುಂಡಿಗಳ ಸರದಿ ಬಂತು. ಅಂಗಿಯ ಮುಂದಿನ ಮೂರು ಟಿಚ್ ಬಟನ್ನೂ ಲೋಹದವೇ. ದೊಡ್ಡ ಯಂತ್ರವಾದರೂ ಅದಕ್ಕೆ ಕೂಗದೆ ಇರುತ್ತಿರಲಿಲ್ಲ. ಅವಳು ಒಂದು ಅಂಗಿಯ ಬಟನ್ ತೆಗೆದು, ಅದೇ ಬಟ್ಟೆಯ ಲಾಡಿ ಇಟ್ಟು ಹೊಲಿದು ಆಸ್ಪತ್ರೆಗೆ ತೆಗೆದುಕೊಂಡು ಹೋದಳು. ಹೆಡ್ ಸಿಸ್ಟರ್ ಅಲ್ಲೇ ಒಂದು ಕೂಸಿಗೆ ತೊಡಿಸಿ ನೋಡಿದರು. ಮಗು ಬೆಳೆದ ಹಾಗೆ ಸಡಿಲ ಬಿಡಬಹುದು, ತಣ್ಣನೆಯ ಲೋಹ ಎದೆಗೆ ತಾಗುವುದಿಲ್ಲ. "ಲಾಡಿ ಗಿಡ್ಡ ಇರಲಿ, ಕತ್ತಿಗೆ ಸುತ್ತಬಾರದು" ಎಂದಷ್ಟೇ ಹೇಳಿ ಒಪ್ಪಿದರು. ಹಾಗೆಯೇ ಹೊಲಿದ ಇನ್ನೂರು ಅಂಗಿಗಳನ್ನು ಪರೀಕ್ಷಿಸದೆ ಮುಂಚೆಯೇ ತಮಗೆ ಕೊಡಬೇಕೆಂದರು. ಅದರಲ್ಲಿ ಐದಕ್ಕೆ ಅವರೇ ಸೂಜಿ ಚೂರು ಸೇರಿಸಿ ತರುತ್ತಾರೆ. ಐದೂ ಸಿಗಬೇಕು. ಒಂದು ತಪ್ಪಿದರೂ ಆರ್ಡರ್ ಇಲ್ಲ.

ಉಳಿದದ್ದು ಕೈಯ ಪಾಠ. ಅಂಗಿಯಿಂದ ಒಂದು ಬೆರಳಿಗಿಂತ ಮೇಲೆತ್ತಿದರೆ ಕೋಲಿಗೆ ಮೊನೆ ಕಾಣುತ್ತಿರಲಿಲ್ಲ. ಎರಡು ಅಂಗಿ ಒಂದರ ಮೇಲೊಂದು ಇಟ್ಟರೆ ಕೆಳಗಿನದು ತಪ್ಪಿಹೋಗುತ್ತಿತ್ತು. ಬೇಗ ಸವರಿದರೆ ಮೊನೆಯನ್ನು ದಾಟಿದ ಮೇಲೆ ಕೂಗುತ್ತಿತ್ತು, ಕೆಲವೊಮ್ಮೆ ಕೂಗುತ್ತಲೂ ಇರಲಿಲ್ಲ. ಅವಳು ಬೇಗ ನೋಡಿದಳು, ನಿಧಾನ ನೋಡಿದಳು, ಒಂದರಿಂದ ಹತ್ತು ಎಣಿಸುತ್ತ ನೋಡಿದಳು. ಕೊನೆಗೊಂದು ಮಧ್ಯಾಹ್ನ ಕೈ ತಾನಾಗಿಯೇ ಒಂದು ವೇಗಕ್ಕೆ ಬಂದು ಕೂತಿತು. ಅದು ಮಗುವನ್ನು ತಟ್ಟಿ ಮಲಗಿಸುವ ವೇಗ. ನಿದ್ದೆ ಇನ್ನೇನು ಹತ್ತಿತು, ಈಗ ಕೈ ತೆಗೆದರೆ ಎದ್ದುಬಿಡುತ್ತದೆ ಎನ್ನುವಾಗಿನ ವೇಗ. ಆ ವೇಗದಲ್ಲಿ ಹೊಲಿಗೆಯ ಗುಂಟ ಮುಂದೆ ಒಂದು ಸಲ, ತಿರುವಿ ಹಾಕಿ ಹಿಂದೆ ಒಂದು ಸಲ. ಮೂರು ದಿನ ಮಗಳು ಬಚ್ಚಿಟ್ಟ ಚೂರುಗಳಲ್ಲಿ ಒಂದೂ ತಪ್ಪಲಿಲ್ಲ.

ಗುರುವಾರ ಹೆಡ್ ಸಿಸ್ಟರ್ ಗಂಟು ಹಿಡಿದು ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಗುರುತು ಬರೆದಿಟ್ಟ ಮುಚ್ಚಿದ ಲಕೋಟೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತರು. ಮಷೀನುಗಳೆಲ್ಲ ನಿಂತವು.

ಸೂಜಿಯಕ್ಕ ತೋಳು ಕೊಡವಿ, ಜೇಬಿನ ಕತ್ತರಿಯನ್ನು, ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಮಗಳ ಕೈಗೆ ಕೊಟ್ಟು, ದಿಂಬಿನ ಮೇಲೆ ಮೊದಲ ಅಂಗಿ ಹಾಸಿದಳು.

ಹದಿನಾಲ್ಕನೆಯದರ ಕಂಕುಳಲ್ಲಿ ಒಂದು. ಐವತ್ತೊಂದರ ಅಂಚಿನಲ್ಲಿ ಒಂದು. ನೂರರ ಹತ್ತಿರ ಬಂದಾಗ ಮೈದುನ ಎದ್ದು ಕಿಟಕಿಗೂ ಬಾಗಿಲಿಗೂ ಅಡ್ಡಾಡಲು ಶುರುಮಾಡಿದ.

"ಕೂತ್ಕೊಳ್ಳಿ. ನಿಮ್ಮ ಬೆಲ್ಟಿಗೂ ಕೂಗುತ್ತೆ ಇದು."

ಮೂರು, ನಾಲ್ಕು. ನೂರ ಅರವತ್ತೆರಡನೆಯ ಅಂಗಿಯ ಲಾಡಿಯ ಬುಡದಲ್ಲಿ ಐದನೆಯದು ಕೀ ಎಂದಾಗ ಕೋಣೆಯೇ ಉಸಿರು ಬಿಟ್ಟಿತು. ಮೈದುನ ಚಪ್ಪಾಳೆ ಹೊಡೆದ. "ಮುಗೀತು! ಐದೂ ಆಯ್ತಲ್ಲ ಸಿಸ್ಟರ್? ಸಾಕು ಅತ್ತಿಗೆ, ಬಿಡಿ ಇನ್ನು."

ಅವಳು ಆಗಲೇ ನೂರ ಅರವತ್ತಮೂರನ್ನು ಹಾಸಿದ್ದಳು. "ಇನ್ನೂ ಮೂವತ್ತೆಂಟು ಮಕ್ಕಳಿದಾರಲ್ಲಪ್ಪ."

ನೂರ ಎಂಬತ್ತೇಳನೆಯದರ ಭುಜದ ಹೊಲಿಗೆಯ ಮೇಲೆ ಕೋಲು ಹೋದಾಗ, ಕೀ.

ಅವಳು ಕೋಲೆತ್ತಿದಳು. ಮತ್ತೆ ಇಟ್ಟಳು. ಕೀ. ಹೆಡ್ ಸಿಸ್ಟರ್ ಕುರ್ಚಿಯಿಂದ ಮುಂದೆ ಬಾಗಿದರು. ಮೈದುನ ಬಿಳಿಚಿಕೊಂಡು, "ಬ್ಯಾಟರಿ ಇಳಿದಿರಬೇಕು... ಅಲ್ವಾ ಅತ್ತಿಗೆ?" ಎಂದ. ಹೌದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಐದು ಸಿಕ್ಕಿತ್ತು, ಲಕೋಟೆಯಲ್ಲಿದ್ದದ್ದೂ ಐದೇ. ಆರನೆಯದು ಇದ್ದರೆ ಅದು ಈ ಅಂಗಡಿಯದು, ಈ ಆರು ಮಷೀನಿನಲ್ಲಿ ಒಂದರದು. ತೆಗೆದು ತೋರಿಸಿದರೆ ಆರ್ಡರ್ ಹೋಗಬಹುದು.

ಆದರೆ ಅದು ಭುಜದ ಹೊಲಿಗೆಯಾಗಿತ್ತು.

"ಬ್ಯಾಟರಿ ನೆಟ್ಟಗಿದೆ" ಎಂದಳು. ಮಗಳ ಕೈಯಿಂದ ಕತ್ತರಿ ತೆಗೆದುಕೊಂಡು ನಾಲ್ಕು ಹೊಲಿಗೆ ಬಿಚ್ಚಿದಳು. ಜೀರಿಗೆಯಷ್ಟು ಮೊನೆ ಅಂಗೈಗೆ ಬಿತ್ತು. "ಇದು ನಿಮ್ಮದಲ್ಲ ಸಿಸ್ಟರ್. ನಮ್ಮದು."

ಪುಸ್ತಕ ತೆರೆದು ಆ ಇನ್ನೂರು ಅಂಗಿ ಹೊಲಿದ ವಾರದ ಹಾಳೆ ತಿರುವಿದಳು. ನಾಲ್ಕು ಸೂಜಿ ಮುರಿದಿದ್ದವು, ನಾಲ್ಕೂ ಜೋಡಿಯಾಗಿ ಅಂಟಿದ್ದವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಮೂರನೆಯದರ ಬುಡ ತೆಳ್ಳಗೆ, ಮೊನೆ ದಪ್ಪ. ಹನ್ನೊಂದನೇ ನಂಬರಿನ ಸೂಜಿಗೆ ಹದಿನಾಲ್ಕರ ಮೊನೆ ಕೂಡಿಸಿತ್ತು. ಪಕ್ಕದಲ್ಲಿ ಅವಳದೇ ಕೈಬರಹ, ಅವಸರಣ್ಣನ ಹೆಸರು.

ಅವಳು ಏನೂ ಹೇಳುವ ಮೊದಲೇ ಅವಸರಣ್ಣ ಮಷೀನು ಬಿಟ್ಟು ಎದ್ದ. "ಮೊನೆ ಸಿಗಲಿಲ್ಲ ಅಕ್ಕಾ. ಹುಡುಕ್ತಾ ಕೂತ್ರೆ ಇನ್ನೂರು ಆಗಲ್ಲ ಅಂತ... ಹಳೇದೊಂದು ಚೂರು ಡ್ರಾಯರಲ್ಲಿತ್ತು." ಮೂವತ್ತು ವರ್ಷದಲ್ಲಿ ಅವನು ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಕೂಡಿಸಿದ್ದು ನೀವಾದ್ರೂ ನೋಡದೆ ಅಂಟಿಸಿದ್ದು ನಾನು ಅವಸರಣ್ಣ" ಎಂದಳು ಅವಳು. ಆಮೇಲೆ ಕೋಲು ಎತ್ತಿಕೊಂಡು ಉಳಿದ ಹದಿಮೂರನ್ನೂ ಅದೇ ವೇಗದಲ್ಲಿ ಮುಗಿಸಿದಳು. ಒಟ್ಟು ಎರಡೂವರೆ ಗಂಟೆ ಹಿಡಿದಿತ್ತು.

ಹೆಡ್ ಸಿಸ್ಟರ್ ಲಕೋಟೆ ಒಡೆದು ಐದು ಗುರುತುಗಳನ್ನೂ ತಾಳೆ ನೋಡಿದರು. "ಒಂದು ಮಾತು ಹೇಳ್ಬೇಕು" ಎಂದರು. "ನಿನ್ನೆ ಇದೇ ಗಂಟನ್ನ ದೊಡ್ಡ ಕಾರ್ಖಾನೆಗೆ ಒಯ್ದಿದ್ದೆ. ಅವರ ಯಂತ್ರ ಆರು ನಿಮಿಷದಲ್ಲಿ ಮುಗಿಸ್ತು. ಅದೂ ಆರು ಸಲ ಕೂಗ್ತು. ಐದು ತೆಗೆದ್ರು. ಆರನೇದಕ್ಕೆ, ಒಂದೊಂದ್ಸಲ ಸುಮ್ನೆ ಕೂಗುತ್ತೆ ಮೇಡಂ, ಐದು ಸಿಕ್ತಲ್ಲ ಅಂತ ನಕ್ಕು, ಆ ಅಂಗೀನ ಗಂಟಿಗೇ ಹಾಕಿಬಿಟ್ರು. ಐದು ಚೂರನ್ನ ಬೇರೆ ಅಂಗಿಗಳಿಗೆ ಹೊಲಿದು ಇಲ್ಲಿಗೆ ತಂದೆ. ಆರನೇದು ಏನು ಅಂತ ನನಗೂ ಗೊತ್ತಾಗಬೇಕಿತ್ತು."

"ಹಾಗಾದ್ರೆ ನಮ್ಮ ಅಗ್ಗದ್ದೂ ಆ ದುಬಾರೀದೂ ಒಂದೇ?" ಎಂದ ಮೈದುನ, ಧ್ವನಿ ಏರಿಸಿ.

"ಒಂದೇ ಅಲ್ಲ" ಎಂದಳು ಸೂಜಿಯಕ್ಕನೇ. "ಅದು ಹೊತ್ತು ಉಳಿಸುತ್ತೆ. ಇದಕ್ಕೆ ನಾವು ಹೊತ್ತು ಕೊಡಬೇಕು. ಕೊಟ್ರೆ ಕಾಣೋದು ಎರಡಕ್ಕೂ ಅದೇ ಸೂಜಿ."

ಹೆಡ್ ಸಿಸ್ಟರ್ ಲೆಕ್ಕ ಹಾಕಿದರು. ಈ ವೇಗಕ್ಕೆ ಎಲ್ಲ ಬಟ್ಟೆಯೂ ಇಲ್ಲಿ ಆಗದು. ಹೊದಿಕೆ, ಹಾಸಿಗೆ ಬಟ್ಟೆ ದೊಡ್ಡ ಕಾರ್ಖಾನೆಗೆ ಹೋಗಲಿ, ಮೈಗೆ ತಾಗುವ ಮೊದಲ ಅಂಗಿ ಮಾತ್ರ ಇಲ್ಲಿಂದಲೇ ಬರಲಿ. ಜೊತೆಗೆ ಪ್ರತಿ ವಾರ ಆ ಪುಸ್ತಕದ ಹಾಳೆಯ ಫೋಟೋನೂ ಬರಬೇಕು ಎಂದರು. ಆರು ಮಷೀನಿಗೂ ಕೆಲಸ ಉಳಿಯಿತು, ಮೊದಲಿಗಿಂತ ಸ್ವಲ್ಪ ಕಡಿಮೆ. ಮೈದುನ ಮೂಟೆ ಚೀಲದ ಮಾತು ಮತ್ತೆ ಎತ್ತಲಿಲ್ಲ.

ಸಿಸ್ಟರ್ ಮೆಟ್ಟಿಲಿಳಿದ ಮೇಲೆ ಸೂಜಿಯಕ್ಕ ಪುಸ್ತಕವನ್ನು ಅವಸರಣ್ಣನ ಮುಂದಿಟ್ಟಳು. ದಪ್ಪ ಮೊನೆಯನ್ನು ಕಿತ್ತು ತೆಗೆದು, ಇವತ್ತು ಸಿಕ್ಕ ತೆಳ್ಳನೆಯದನ್ನು ಅದರ ಜಾಗದಲ್ಲಿ ಅವನೇ ಕೂಡಿಸಿದ. ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಅವಳು ಈ ಸಲ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಟೇಪು ಹಾಕಿದಳು.

"ಈ ದಪ್ಪ ಮೊನೆ ಹೊರಗಿತ್ತು ಅಂದ್ರೆ ಇನ್ನೊಂದು ಹಾಳೇಲೂ ತಪ್ಪಿದೆ. ಯಾವುದು ಅಂತ ಇವತ್ತೇ ಹುಡುಕಬೇಕು" ಎಂದು, ಕಪ್ಪು ಕೋಲನ್ನು ಅವನ ಕೈಗಿಟ್ಟಳು. "ಮತ್ತೆ ಒಂದು ವಾರ ಇದು ನಿಮ್ಮ ಕೆಲಸ."

"ನಾನಾ? ಈ ಆಮೆ ಓಟ ನನ್ನ ಕೈಲಾಗುತ್ತಾ ಅಕ್ಕಾ?"

"ಮೊಮ್ಮಗುವನ್ನ ಮಲಗಿಸ್ತೀರಲ್ಲ, ಹಾಗೆ" ಎಂದಳು ಅವಳು, ದಿಂಬಿನ ಮೇಲೆ ಒಂದು ಅಂಗಿ ಹಾಸುತ್ತ. "ಮೊದಲು ಆ ಜೇಬಿನ ಬೀಗದ ಕೈ ತೆಗೆದು ಆಚೆ ಇಡಿ."