ಎಡಗುಂಡಿ

ಶಿರಾದ ನಮ್ಮ ಬೀದಿಯಲ್ಲಿ ಎರಡೇ ಮನೆಗೆ ಟೀವಿ ಬಂದಿದ್ದ ಕಾಲ ಅದು. ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಪಕ್ಕದ ಮನೆಯ ನಸ್ರೀನ್ ನನ್ನ ಕ್ಲಾಸಿನವಳು, ನನ್ನ ಜೀವದ ಗೆಳತಿ. ದುಬೈಯಲ್ಲಿದ್ದ ಅವಳ ಅಬ್ಬಾ ಆ ಸಲ ಅತ್ತರು, ಖರ್ಜೂರದ ಜೊತೆ ಅಂಗೈಯಗಲದ ವಿಡಿಯೋ ಗೇಮ್ ಒಂದನ್ನು ತಂದಿದ್ದರು. ಮರದಿಂದ ಕೋತಿಮರಿಗಳು ಬೀಳುತ್ತವೆ. ಎಡಗುಂಡಿ, ಬಲಗುಂಡಿ ಒತ್ತಿ ಬುಟ್ಟಿಯನ್ನು ಆಚೀಚೆ ಸರಿಸಿ ಹಿಡಿಯಬೇಕು. ತಪ್ಪಿದರೆ ಮೊಸಳೆ ಬಾಯಿಗೆ.

ನಾನು ಆಡಿದರೆ ಯುದ್ಧ. ಹಲ್ಲು ಕಚ್ಚಿಕೊಂಡು ಗುಂಡಿ ಕುಟ್ಟುತ್ತಿದ್ದೆ. ನೂರು ದಾಟುವಷ್ಟರಲ್ಲಿ ಆಟ ಮುಗಿಯುತ್ತಿತ್ತು. ನಸ್ರೀನಳಿಗೆ ಗೆಲ್ಲುವ ಹಂಬಲವೇ ಇಲ್ಲ. ಬೇಕೆಂದೇ ಮರಿಗಳನ್ನು ಮೊಸಳೆಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುವಳು. ನನ್ನ ಹಿಂದೆ ಬಾಲದಂತೆ ಬರುತ್ತಿದ್ದ ಎಂಟು ವರ್ಷದ ತಂಗಿ ಸುಧಾ ಮಾತ್ರ ಗೇಮನ್ನು ಮಡಿಲಲ್ಲಿಟ್ಟುಕೊಂಡು ತಲೆ ಓರೆ ಮಾಡಿ ಕೂರುತ್ತಿದ್ದಳು. ಬೆರಳು ಅಲ್ಲಾಡಿದ್ದೇ ಕಾಣದು. ಐನೂರು, ಆರುನೂರು.

“ಹೆಂಗೇ ಆಡ್ತೀಯ?” ಎಂದು ಕೇಳಿದೆ.

“ಕೋತಿನ ನೋಡ್ಬ್ಯಾಡ ಕಣಕ್ಕಾ. ಟಿಕ್ ಟಿಕ್ ಅಂತೈತಲ್ಲ, ಅದ್ನ ಕೇಳು. ಯಾವಾಗ ಬೀಳ್ತೈತೆ ಅಂತ ಅದೇ ಹೇಳ್ತೈತೆ.”

ಕೇಳಿದೆ. ನನಗೆ ಬರೀ ಟಿಕ್ ಟಿಕ್ ಕೇಳಿಸಿತು.

ಆಮೇಲೆ ನಸ್ರೀನ್ ಗೋಡೆಯಾಚೆಯಿಂದ ಕೂಗುತ್ತಿದ್ದುದು “ಸುಧಾ, ಬಾರೇ!” ಎಂದು. ಅವಳ ಅಮ್ಮಿ ಬಿಸಿಬಿಸಿ ಹುರಿದ ಕಡಲೆಕಾಯನ್ನು ಮೊದಲು ಸುಧಾಳ ಲಂಗಕ್ಕೇ ಸುರಿಯುತ್ತಿದ್ದರು. ನಸ್ರೀನ್ ಅವಳ ಭುಜಕ್ಕೆ ಗಲ್ಲವೂರಿ ಆಟ ನೋಡುವಾಗ ನನ್ನ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು.

ಸುಧಾ ಒಂಬೈನೂರು ದಾಟಿದ ಮಧ್ಯಾಹ್ನ ಇಬ್ಬರೂ ನೀರು ಕುಡಿಯಲು ಒಳಗೆ ಹೋದರು. ನಾನು ಜಡೆಯ ಪಿನ್ನು ತೆಗೆದು ಎಡಗುಂಡಿಯನ್ನು ಬಲವಾಗಿ ಒಳಕ್ಕೆ ಅದುಮಿದೆ. ಕಟ್ ಎಂದಿತು.

ಬಂದು ಆಡಲು ಕೂತ ಸುಧಾಳ ಬುಟ್ಟಿ ಎಡಕ್ಕೆ ಸರಿಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. “ನಾನೇ ಜಾಸ್ತಿ ಆಡಿ ಕೆಡಿಸ್ಬುಟ್ಟೆ” ಎಂದು ಅಳತೊಡಗಿದಳು.

“ನಕ್ಕೊ ರೋ, ಅಳ್ಬ್ಯಾಡ. ನೀನು ಮೆತ್ತಗೆ ಒತ್ತೋಳು” ಎಂದ ನಸ್ರೀನ್ ನನ್ನತ್ತ ತಿರುಗಿದಳು. “ಕುಟ್ಟೋರು ಯಾರು ಅಂತ ನಂಗೊತ್ತು.”

ಸುಧಾ ಅಳುವಿನ ನಡುವೆಯೇ ಹೇಳಿದಳು: “ಅಕ್ಕ ಇವತ್ತು ಆಡೇ ಇಲ್ಲ ನಸ್ರೀನಕ್ಕಾ. ಅವಳಿಗೆ ಏನೂ ಅನ್ಬ್ಯಾಡ.”

ರೇಡಿಯೋ ರಿಪೇರಿಯವರು ಬಿಚ್ಚಿ ನೋಡಿ ತಲೆಯಾಡಿಸಿದರು. ಸುಧಾ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ನಸ್ರೀನ್ ಪುನಃ ನನ್ನ ಪಾಲಿಗೇ ಬಂದಳು. ಆದರೆ ಅವಳು ಸುಧಾಳನ್ನು ಕೇಳಿದಾಗಲೆಲ್ಲ ನಾನು ಮಾತು ತಪ್ಪಿಸಬೇಕಿತ್ತು. ಎರಡು ವರ್ಷದಲ್ಲಿ ನಸ್ರೀನಳ ಮನೆಯವರೂ ದುಬೈಗೆ ಹೋದರು.

ಮೊನ್ನೆ ನನ್ನ ಮಗಳು ಮೊಬೈಲ್ ಚಾಚಿ, “ಚಿಕ್ಕಮ್ಮ, ಒಂದಾಟ ಆಡಿ” ಎಂದಳು. ಸುಧಾ ಕೈ ಹಿಂದಕ್ಕೆಳೆದುಕೊಂಡಳು. “ಬ್ಯಾಡ ಕಣಮ್ಮ, ನನ್ನ ಕೈಗೆ ಕೊಟ್ರೆ ಕೆಟ್ಟೋಯ್ತದೆ.”

ನಕ್ಕುಬಿಟ್ಟಳು, ಮಗಳೂ ನಕ್ಕಳು. ಎಂಟು ವರ್ಷಕ್ಕೇ ತನ್ನ ಕೈಯ ಮೇಲಿನ ನಂಬಿಕೆ ಸುಧಾಳಿಗೆ ಹೋಗಿತ್ತು. ಈಗಲಾದರೂ ಹೇಳೋಣವೆಂದು ಬಾಯಿ ತೆರೆದೆ.

“ಟೀ ಕುಡೀತೀಯಾ?” ಎಂದು ಕೇಳಿದೆ.